ನೆಮ್ಮದಿ ಕೋಣೆಯ ಇಲಿಗಳು

ಇಪ್ಪತ್ತಮೂರನೆಯ ಗುಳಿಯವರೆಗೆ ಎಣಿಸಿದ ಮಿನೆಕೊ ಲೆಕ್ಕ ಎಷ್ಟಾಗಿತ್ತೆಂಬುದನ್ನು ಮತ್ತೆ ಮರೆತಳು. ಬೆಳಗಿನಿಂದ ಇದು ನಾಲ್ಕನೆಯ ಸಲ. ಸೂಕ್ಷ್ಮದರ್ಶಕದ ಕೆಳಗಿದ್ದದ್ದು ಇಲಿಯ ಸಣ್ಣ ಕರುಳಿನ ಒಂದು ತೆಳ್ಳನೆಯ ಸೀಳು. ಅಡ್ಡಲಾಗಿ ಕೊಯ್ದು ಬಣ್ಣ ಹಾಕಿದರೆ ಕರುಳಿನ ಒಳಗೋಡೆಯ ಉದ್ದಕ್ಕೂ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಹೊಸ ಕೋಶಗಳು ಹುಟ್ಟುವುದು ಆ ಗುಳಿಗಳ ತಳದಲ್ಲಿ. ವಿಕಿರಣ ತಾಗಿದರೆ ಮೊದಲು ಸಾಯುವವೂ ಅವೇ. ಸತ್ತ ಕೋಶ ಮುದುಡಿ ಒಡೆದು, ಎಳ್ಳು ಚೆಲ್ಲಿದ ಹಾಗೆ ಕಪ್ಪಗೆ ಬಿದ್ದಿರುತ್ತದೆ. ಅವನ್ನು ಎಣಿಸುವುದು ಅವಳ ಕೆಲಸದ ಅರ್ಧ, ಇಲಿಗಳನ್ನು ನೋಡಿಕೊಳ್ಳುವುದು ಇನ್ನರ್ಧ. ಸಮುದ್ರಕ್ಕೆ ಮುಖಮಾಡಿದ ಗುಡ್ಡದ ಮೇಲಿನ ಈ ಸಂಶೋಧನಾಲಯದಲ್ಲಿ ಇಪ್ಪತ್ತಾರು ವರ್ಷ ಎಣಿಸಿದ್ದಾಳೆ, ಒಂದು ಸಲವೂ ತಪ್ಪಿದವಳಲ್ಲ. ‘ಕಬುರಾಗಿ-ಸಾನ್ ಎಣಿಸಿದ್ದು’ ಎಂದರೆ ಮರು ಎಣಿಕೆ ಇಲ್ಲ ಎಂದು ಪ್ರೊಫೆಸರ್ ಉರಾನೊ ಅವಳ ಮನೆತನದ ಹೆಸರು ಹಿಡಿದು ಹೊಸಬರಿಗೆಲ್ಲ ಹೇಳುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಅಯ್ಯೋ ಹಾಗೇನಿಲ್ಲ ಎಂದು ಕೈ ಅಲ್ಲಾಡಿಸಿ, ಸಂಜೆ ರೈಲಿನಲ್ಲಿ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡು ಒಬ್ಬಳೇ ಹಿಗ್ಗುತ್ತಿದ್ದಳು. ಆ ಹಿಗ್ಗನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ.

ಅವಳಿಗೆ ಗೊತ್ತಾಗಿದ್ದು ಸೋಮವಾರ. ಇವತ್ತು ಗುರುವಾರ. ನಾಲ್ಕು ದಿನದಿಂದ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡು ಓಡಾಡುತ್ತಿದ್ದಾಳೆ. ಸೋಮವಾರದ ಸಭೆಯಲ್ಲಿ ಪ್ರೊಫೆಸರ್ ಗೋಡೆಯ ಮೇಲೆ ಪಟ್ಟಿ ತೋರಿಸಿದ್ದರು. ಅವರ ಪ್ರಶ್ನೆ ಒಂದೇ, ಹತ್ತು ವರ್ಷದಿಂದ ಅದೇ: ದಿನವೂ ಹೆದರಿ ಬದುಕುವ ಜೀವದ ಕರುಳು ವಿಕಿರಣಕ್ಕೆ ಹೆಚ್ಚು ಸೋಲುತ್ತದೆಯೇ, ರಕ್ತದಲ್ಲಿ ಏರುವ ಒತ್ತಡದ ಹಾರ್ಮೋನು ಆ ಗುಳಿಗಳ ತಳದ ಕೋಶಗಳನ್ನು ಮೊದಲೇ ಮೆತ್ತಗೆ ಮಾಡಿಟ್ಟಿರುತ್ತದೆಯೇ. ಅದಕ್ಕೆ ಕೆಲವು ಇಲಿಗಳನ್ನು ದಿನಕ್ಕೆರಡು ಗಂಟೆ ಮೈ ಹೊರಳಿಸಲಾಗದ ಪ್ಲಾಸ್ಟಿಕ್ ಕೊಳವೆಯೊಳಗೆ ತೂರಿಸಿಡುತ್ತಾರೆ. ಇನ್ನು ಕೆಲವನ್ನು ಕಾರಿಡಾರಿನ ಕೊನೆಯ ಕೋಣೆಯಲ್ಲಿ ಸುಮ್ಮನೆ ಸಾಕುತ್ತಾರೆ. ಆ ಕೋಣೆಗೆ ಎಲ್ಲರೂ ತಮಾಷೆಗೆ ಇಟ್ಟ ಹೆಸರು ನೆಮ್ಮದಿ ಕೋಣೆ. ಕೊನೆಗೆ ಎರಡೂ ಗುಂಪಿಗೆ ಒಂದೇ ಅಳತೆಯ ವಿಕಿರಣ. ಮುದುಕ ನಾಗಹಾಮಾ ಕೋಣೆ ನೋಡಿಕೊಳ್ಳುತ್ತಿದ್ದಾಗ ಕೊಳವೆಯ ಇಲಿಗಳ ಕರುಳಿನಲ್ಲಿ ಸತ್ತ ಕೋಶ ಎರಡು ಪಟ್ಟು ಇರುತ್ತಿತ್ತು. ಅವನು ಏಪ್ರಿಲ್‌ನಲ್ಲಿ ನಿವೃತ್ತನಾದ, ಕೋಣೆ ಮಿನೆಕೊಳ ಕೈಗೆ ಬಂತು, ಅದೇ ತಿಂಗಳು ಪ್ರಯೋಗದ ಹೊಣೆ ಹೊಸಬ ಸೆಗಾವಾನ ಹೆಗಲಿಗೆ ಬಿತ್ತು. ಅಲ್ಲಿಂದೀಚೆಗೆ ನೆಮ್ಮದಿಯ ಇಲಿಗಳ ಕರುಳಿನಲ್ಲೂ ಕೊಳವೆಯ ಇಲಿಗಳಷ್ಟೇ ಕೋಶಗಳು ಸಾಯತೊಡಗಿದವು. ಅಂತರವೇ ಇಲ್ಲ. ಅಕ್ಟೋಬರಿನ ಎರಡು ವಾರ ಮಾತ್ರ ಹಳೆಯ ಹಾಗೇ ಇತ್ತು. ಪ್ರೊಫೆಸರ್ ಆ ಎರಡು ಸಾಲಿನ ಮೇಲೆ ಕೆಂಪು ಚುಕ್ಕೆ ಓಡಿಸುತ್ತಾ, ಇಪ್ಪತ್ತು ಜನರ ಎದುರಿಗೆ, “ಈ ಎರಡು ವಾರ ಮಾತ್ರ ನೀನು ಎಚ್ಚರವಾಗಿದ್ದೆ ಅಂತ ಕಾಣುತ್ತೆ, ಸೆಗಾವಾ-ಕುನ್,” ಎಂದರು. ಸೆಗಾವಾ ಎದ್ದು ನಿಂತು ಸೊಂಟ ಬಗ್ಗಿಸಿದ. ಅವನ ನೆತ್ತಿಯ ಮೇಲೆ ಕೂದಲು ತೆಳುವಾಗುತ್ತಿರುವುದು ಎಲ್ಲರಿಗೂ ಕಂಡಿತು. ಅದೇ ಹೊತ್ತಿಗೆ ಮಿನೆಕೊಗೆ ಆ ಎರಡು ವಾರ ಯಾವುದೆಂದು ನೆನಪಾಯಿತು. ಶೀತದಿಂದ ಗಂಟಲು ಕಟ್ಟಿ ಅವಳಿಗೆ ಮಾತೇ ಹೊರಡದಿದ್ದ ಎರಡು ವಾರ. ಕೈ ಅದೇ ಕೈ, ಹೊತ್ತು ಅದೇ ಬೆಳಗಿನ ಎಂಟು ಗಂಟೆ, ಕಾಳು ಅದೇ, ನೀರು ಅದೇ. ಇಲ್ಲದೆ ಹೋದದ್ದು ಅವಳ ದನಿಯೊಂದೇ.

ಅವಳು ದಿನವೂ ನೆಮ್ಮದಿ ಕೋಣೆಗೆ ಹೋಗಿ, ಅವತ್ತು ಒಯ್ಯಬೇಕಾದ ಇಲಿಗಳ ಪಂಜರದ ಮುಂದೆ ಬಗ್ಗಿ, ಮುಚ್ಚಳಕ್ಕೆ ಬಾಯಿ ಹತ್ತಿರ ತಂದು, ಕ್ಷಮಿಸ್ರಪ್ಪಾ ಎನ್ನುತ್ತಿದ್ದಳು. ಅವು ಬೆಚ್ಚಬಾರದೆಂದು ಪಿಸುದನಿಯಲ್ಲಿ. ಆಮೇಲೆ ಮುಚ್ಚಳ ತೆಗೆದು ಒಂದನ್ನೋ ಎರಡನ್ನೋ ಎತ್ತಿಕೊಳ್ಳುತ್ತಿದ್ದಳು. ಹೋದದ್ದು ಮತ್ತೆ ಬರುತ್ತಿರಲಿಲ್ಲ. ಉಳಿದವು ಅದನ್ನು ದಿನವೂ ಕೇಳಿ, ದಿನವೂ ನೋಡಿ, ತಮಗೆ ತಿಳಿದಷ್ಟನ್ನು ತಿಳಿದುಕೊಂಡಿದ್ದವು. ನಾಗಹಾಮಾ ಇಲಿಗಳ ಜೊತೆ ಮಾತಾಡಿದವನಲ್ಲ. ಸಿಗರೇಟಿನ ವಾಸನೆ ಹೊತ್ತುಕೊಂಡು ಬಂದು, ಆಲೂಗಡ್ಡೆ ತೆಗೆದ ಹಾಗೆ ತೆಗೆದುಕೊಂಡು ಹೋಗುತ್ತಿದ್ದ. ಎಂಥ ಕಲ್ಲುಮನಸ್ಸಿನವನಪ್ಪಾ ಎಂದು ಅವಳು ಅಂದುಕೊಂಡದ್ದುಂಟು. ಪ್ರತಿ ಸೆಪ್ಟೆಂಬರಿನಲ್ಲಿ ಪ್ರಯೋಗದಲ್ಲಿ ಸತ್ತ ಪ್ರಾಣಿಗಳ ನೆನಪಿಗೆ ನಿಲ್ಲಿಸಿದ ಕಲ್ಲಿನ ಮುಂದೆ ಎಲ್ಲರೂ ಸಾಲಾಗಿ ಸೇವಂತಿಗೆ ಇಡುವಾಗ, ಅವನು ಇಟ್ಟೊಡನೆ ಗಡಿಯಾರ ನೋಡುತ್ತಿದ್ದ, ಇವಳು ಕಣ್ಣು ಮುಚ್ಚಿ ಬೇರೆಯವರಿಗಿಂತ ಮೂರು ಉಸಿರು ಹೆಚ್ಚು ನಿಲ್ಲುತ್ತಿದ್ದಳು. ಆ ಮೂರು ಉಸಿರನ್ನು ಎಣಿಸಿಕೊಂಡೇ ನಿಲ್ಲುತ್ತಿದ್ದಳೆಂಬುದು ಈಗ ಹೊಳೆದು ಮೈ ಹಿಡಿಯಾಯಿತು.

“ಕಬುರಾಗಿ-ಸಾನ್, ಒಂದು ನಿಮಿಷ ಬಿಡುವಿದ್ಯಾ?” ಸೆಗಾವಾ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಗೆರೆಯಿಲ್ಲದ ಬಿಳಿ ಹಾಳೆ, ಶಾಯಿಯಲ್ಲಿ ಕೈಯಾರೆ ಬರೆದದ್ದು. ತಪ್ಪೊಪ್ಪಿಗೆಯ ಪತ್ರ. ಇಲ್ಲಿ ತಪ್ಪು ಮಾಡಿದವರು ಅದನ್ನು ಟೈಪು ಮಾಡುವ ಹಾಗಿಲ್ಲ. ಮಧ್ಯಾಹ್ನ ಎರಡಕ್ಕೆ ಪ್ರೊಫೆಸರಿಗೆ ಕೊಡಬೇಕಂತೆ. “ನಂಗೆ ಈ ದೊಡ್ಡವರ ಭಾಷೆ ಬರಲ್ಲ. ನೀವೊಂದ್ಸಲ ಕಣ್ಣಾಡಿಸಿ ಕೊಡ್ತೀರಾ?” ಎಂದು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. ಅವನ ಕೆಲಸ ಮಾರ್ಚಿಗೆ ಮುಗಿಯುತ್ತದೆ. ಈ ಪತ್ರ ಒಳಗೆ ಹೋದರೆ ಮುಂದುವರಿಸುವ ಮಾತಿಲ್ಲ. ಮಾವನ ತೋಫು ಅಂಗಡಿಯಲ್ಲಿ ಸೋಯಾ ರುಬ್ಬುವುದಕ್ಕೆ ಒಬ್ಬರು ಬೇಕಂತೆ, ಅಲ್ಲಿ ಎಣಿಸುವ ಕೆಲಸವಿಲ್ಲ, ಅದೇ ಒಂದು ಪುಣ್ಯ ಎಂದು ಅವನೇ ನಕ್ಕ. ಮಿನೆಕೊ ಓದಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಎಮ್ಮೆ ತಾನೇ ಬರೆಯ ಕಬ್ಬಿಣ ಕಾಯಿಸಿಕೊಂಡು ಬಂದು, ಬಿಸಿ ಸಾಕೇ ನೋಡಿ ಎಂದು ಎತ್ತನ್ನೇ ಕೇಳುತ್ತಿತ್ತು. ಈಗ ಹೇಳಬೇಕು ಎಂದುಕೊಂಡಳು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಬಾಯಿಂದ ಬಂದದ್ದು ಬೇರೆ. “ಇಲ್ಲಿ ‘ನನ್ನ ಗಮನಕ್ಕೆ ಬಾರದೆ’ ಅಂದಿದ್ದೀರಲ್ಲ, ಅದು ಬೇಡ. ಜಾರಿಕೊಂಡ ಹಾಗೆ ಕೇಳ್ಸುತ್ತೆ. ‘ನನ್ನ ಅಜಾಗರೂಕತೆಯಿಂದ’ ಅಂತ ನೇರವಾಗಿ ಬರೀರಿ.” ಅವನು ಹೌದು ಹೌದು ಎಂದು ತಲೆಯಾಡಿಸಿ, ಅವಳ ಮೇಜಿನ ಮೇಲೇ ಹೊಸ ಹಾಳೆ ಹಾಸಿಕೊಂಡು ಮೊದಲಿನಿಂದ ಬರೆಯತೊಡಗಿದ. ಅವಳು ಪಕ್ಕದಲ್ಲಿ ನಿಂತು ನೋಡಿದಳು. ಅಜಾಗರೂಕತೆ ಎಂಬಲ್ಲಿ ಅವನ ಕೈ ಸ್ವಲ್ಪ ನಿಂತು ಮುಂದೆ ಹೋಯಿತು. ಮುಗಿದ ಮೇಲೆ ಅವನು ಎದ್ದು, ನೀವಿಲ್ಲದೇ ಇದ್ದಿದ್ದರೆ ಏನು ಮಾಡುತ್ತಿದ್ದೆನೋ ಎಂದು ಬಗ್ಗಿ ನಮಸ್ಕರಿಸಿ ಹೋದ. ನೀವಿಲ್ಲದೇ ಇದ್ದಿದ್ದರೆ! ಮಿನೆಕೊ ಕುರ್ಚಿಯಲ್ಲಿ ಕೂತು, ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು.

ಊಟದ ಡಬ್ಬಿ ತೆರೆಯಲಿಲ್ಲ. ಹುಳಿ ಪ್ಲಮ್ ಹುದುಗಿಸಿದ ಅನ್ನದುಂಡೆ ಹಾಗೆಯೇ ಉಳಿಯಿತು. ಎಲ್ಲರೂ ಊಟದ ಕೋಣೆಗೆ ಹೋದ ಮೇಲೆ ಬಿಳಿ ಅಂಗಿ ತೊಟ್ಟು, ಕಾಲಿಗೆ ಚೀಲ ಕಟ್ಟಿ ನೆಮ್ಮದಿ ಕೋಣೆಗೆ ಹೋದಳು. ಇನ್ನೂ ಒಂದು ಆಸೆಯಿತ್ತು: ಪಟ್ಟಿ ಸುಳ್ಳಾಗಿರಬಹುದು, ಎರಡು ವಾರ ಕಾಕತಾಳೀಯವಾಗಿರಬಹುದು. ಮೂರನೆಯ ಸಾಲಿನ ಪಂಜರದಲ್ಲಿ ಆರು ಇಲಿಗಳಿದ್ದವು. ಎರಡು ಕಾಳು ಕಡಿಯುತ್ತಿದ್ದವು, ಒಂದು ಮೂತಿ ಉಜ್ಜಿಕೊಳ್ಳುತ್ತಿತ್ತು. ಅವಳು ನೇರವಾಗಿ ನಿಂತು, ಬಸ್ಸಿನಲ್ಲಿ ಮಾತಾಡುವಷ್ಟು ದನಿಯಲ್ಲಿ, ಸಮುದ್ರದ ಮೇಲೆ ಮೋಡ ಕವಿದಿದೆ, ಐದರ ರೈಲಿಗೆ ಹೋಗುವಷ್ಟರಲ್ಲಿ ಮಳೆ ಬರಬಹುದು, ಕೊಡೆ ತಂದಿಲ್ಲ ಎಂದಳು. ಕಡಿಯುವವು ಕಡಿಯುತ್ತಲೇ ಇದ್ದವು. ಆಮೇಲೆ ಬಗ್ಗಿದಳು. ಮುಚ್ಚಳಕ್ಕೆ ಬಾಯಿ ತಂದಳು. “ಕ್ಷಮಿಸ್ರಪ್ಪಾ,” ಎಂದು ಪಿಸುಗುಟ್ಟಿದಳು. ಆರೂ ನಿಂತವು. ಕಾಳು ಕಡಿಯುತ್ತಿದ್ದವುಗಳ ಮುಂಗಾಲು ಬಾಯಿಯ ಹತ್ತಿರವೇ ನಿಂತವು. ಮತ್ತೆ ಒಂದೊಂದಾಗಿ ಹಿಂದಿನ ಮೂಲೆಗೆ ಸರಿದು ಒಂದರ ಕೆಳಗೊಂದು ತೂರಿಕೊಳ್ಳತೊಡಗಿದವು. ಅವು ಬಿಟ್ಟ ಜಾಗದಲ್ಲಿ ಹಸಿ ಹಿಕ್ಕೆಗಳು ಹೊಳೆಯುತ್ತಿದ್ದವು. ಏಪ್ರಿಲ್‌ನಿಂದ ದಿನಕ್ಕೊಂದು ಸಲ ಅವನ್ನು ಇವಳೇ ಗುಡಿಸಿದ್ದಾಳೆ. ಇಲಿ ಎಂದರೆ ಹಿಕ್ಕೆ ಹಾಕುತ್ತದೆ ಎಂದುಕೊಂಡಿದ್ದಳು. ಮುಚ್ಚಳ ತೆಗೆದು ಒಂದನ್ನು ಎತ್ತಿಕೊಂಡಳು. ಅದು ಅಂಗೈಯಲ್ಲಿ ಅಲ್ಲಾಡದೆ ಮಲಗಿತು. ‘ಕಬುರಾಗಿ-ಸಾನ್ ಕೈಯಲ್ಲಿ ಇಲಿ ನಿದ್ದೆ ಹೋಗುತ್ತೆ’ ಎಂದು ಊರಿಗೆಲ್ಲ ಹೆಸರಾದ ಕೈ ಅದು. ಹೆಬ್ಬೆರಳನ್ನು ಅದರ ಎದೆಯ ಕೆಳಗಿಟ್ಟು ನೋಡಿದಳು. ಎಣಿಸಲಾಗದಷ್ಟು ವೇಗವಾಗಿ ಹೊಡೆದುಕೊಳ್ಳುತ್ತಿತ್ತು.

ಏಳು ವರ್ಷದ ಹಿಂದೆ, ಹಾಸಿಗೆ ಹಿಡಿದ ಅಮ್ಮನ ಕಾಲಿನ ಬೆರಳುಗಳು ಮಡಚಿಕೊಳ್ಳುತ್ತಿದ್ದವು. ಹೊದಿಕೆಯ ಕೆಳಗೆ ಅದು ಕಾಣುತ್ತಿತ್ತು. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬಂದು ಇಪ್ಪತ್ತೆಂಟು ಸಲ ವಿಕಿರಣ ಕೊಟ್ಟ ಮೇಲೆ ಅಮ್ಮನ ಕರುಳು ಸೋತಿತ್ತು. ನೀರು ಕುಡಿದರೂ ನಿಲ್ಲುತ್ತಿರಲಿಲ್ಲ. ಮಿನೆಕೊ ಬಾಗಿಲ ಹೊರಗೇ ಮೊಣಕಾಲೂರಿ, ಕಾಗದದ ಬಾಗಿಲನ್ನು ಸರಿಸುವ ಮೊದಲು, ಕ್ಷಮಿಸಮ್ಮಾ ಎಂದು ಪಿಸುಗುಟ್ಟಿ ಒಳಗೆ ಬರುತ್ತಿದ್ದಳು. ಹೊದಿಕೆ ಎತ್ತುವ ಮೊದಲು ಮತ್ತೊಮ್ಮೆ. ಪಕ್ಕದ ಮನೆಯವರು, ಬೆಳಗ್ಗೆಯಿಂದ ಸಂಜೆವರೆಗೆ ದುಡಿದು ಬಂದೂ ಒಂದು ಸಲ ದನಿ ಏರಿಸಿದವಳಲ್ಲ, ಇಂಥ ಮಗಳು ಯಾರಿಗುಂಟು ಎನ್ನುತ್ತಿದ್ದರು. ದನಿ ಏರಿಸಿರಲಿಲ್ಲ, ನಿಜ. ಆದರೆ ಕ್ಷಮೆ ಕೇಳಿಯಾಯಿತೆಂಬ ಧೈರ್ಯದಲ್ಲಿ ಕೈ ಒರಟಾಗುತ್ತಿತ್ತು. ನೀರು ಆರಿದ್ದರೆ ಮತ್ತೆ ಕಾಯಿಸುವಷ್ಟು ತಾಳ್ಮೆ ಇರುತ್ತಿರಲಿಲ್ಲ. ಅದೇ ತಣ್ಣೀರಿನ ಬಟ್ಟೆ. ಮಗ್ಗುಲು ಬದಲಿಸುವಾಗ ಸೊಂಟದ ಎಲುಬಿಗೆ ಉಗುರು ತಾಗುತ್ತಿತ್ತು. ಒಮ್ಮೆ ಮೂಗು ಮುಚ್ಚಿಕೊಂಡದ್ದನ್ನು ಅಮ್ಮ ಕನ್ನಡಿಯಲ್ಲಿ ನೋಡಿದ್ದಳು. ಬಾಗಿಲ ಹೊರಗೆ ಮಿನೆಕೊಳ ಪಿಸುದನಿ ಕೇಳಿದ ಕ್ಷಣಕ್ಕೇ ಬೆರಳು ಮಡಚಿಕೊಳ್ಳುತ್ತಿದ್ದವು, ಕಣ್ಣು ಮುಚ್ಚಿಕೊಳ್ಳುತ್ತಿತ್ತು, ಆಗಲೇ ಹೊಟ್ಟೆ ಬಿಟ್ಟುಕೊಳ್ಳುತ್ತಿತ್ತು. ಈಗಷ್ಟೇ ಒಣ ಬಟ್ಟೆ ಹಾಕಿದ್ದೆನಲ್ಲ, ನಾನು ಬರುವ ಹೊತ್ತನ್ನೇ ಕಾದು ಮಾಡುತ್ತಾಳೆ ಎಂದು ಇವಳು ಹಲ್ಲು ಕಚ್ಚುತ್ತಿದ್ದಳು. ಹಲ್ಲು ಕಚ್ಚಿ, ಮೆಲ್ಲಗೆ, ಮತ್ತೊಮ್ಮೆ ಕ್ಷಮಿಸಮ್ಮಾ ಎನ್ನುತ್ತಿದ್ದಳು. ಅಂಗೈಯ ಇಲಿ ಇನ್ನೂ ಅಲ್ಲಾಡಿರಲಿಲ್ಲ. ಅದನ್ನು ಪಂಜರಕ್ಕೆ ಬಿಟ್ಟಳು. ಬಿಡುವಾಗ ಬಾಯಿಗೆ ತಾನಾಗಿ ಬಂದ ಮಾತನ್ನು ತುಟಿ ಕಚ್ಚಿ ತಡೆದಳು.

ಪ್ರೊಫೆಸರ್ ಉರಾನೊ ಅವರ ಕೋಣೆಯ ಬಾಗಿಲು ತಟ್ಟಿದಾಗ ಎರಡು ಗಂಟೆ ದಾಟಿತ್ತು. ಹೋಗುವ ಮೊದಲು ತನ್ನ ಚಹಾದ ಲೋಟವನ್ನು ತೊಳೆದು ಒರೆಸಿ ಚೀಲಕ್ಕೆ ಹಾಕಿಕೊಂಡಿದ್ದಳು. ಇವತ್ತೇ ಹೊರಡು ಎಂದರೆ ಮತ್ತೆ ಮೇಲೆ ಬರುವುದು ಬೇಡವೆಂದು. ಹಾಗೆ ಅನ್ನಲಿ ಎಂದೇ ಅವಳ ಮನಸ್ಸಿನಲ್ಲಿದ್ದದ್ದು. ಒಳಗೆ ಸೆಗಾವಾ ಮೇಜಿನ ಮುಂದೆ ನಿಂತಿದ್ದ, ಪತ್ರ ಪ್ರೊಫೆಸರರ ಕೈಯಲ್ಲಿ ತೆರೆದಿತ್ತು. ಅವರು ಕನ್ನಡಕದ ಮೇಲಿಂದ ನೋಡಿದರು.

“ಸೆನ್ಸೇ, ಸೆಗಾವಾ-ಸಾನ್ ತಪ್ಪೇನೂ ಇಲ್ಲ,” ಎಂದಳು ಮಿನೆಕೊ. “ನೆಮ್ಮದಿ ಕೋಣೆ ಇಲಿಗಳಿಗೆ ನೆಮ್ಮದಿ ಇರಲಿಲ್ಲ. ನಾನೇ ಹೆದರಿಸ್ತಿದ್ದೆ.”

ಮುಂದಿನದನ್ನು ಎಡವುತ್ತಾ ಹೇಳಿದಳು: ಗಂಟಲು ಕಟ್ಟಿದ ಎರಡು ವಾರ, ಬೆಳಗಿನ ಎಂಟು ಗಂಟೆ, ಈಗ ತಾನೇ ಪಂಜರದ ಮುಂದೆ ಕಂಡದ್ದು. ಹೇಳುತ್ತಾ ಹೋದಂತೆ ಪ್ರೊಫೆಸರ್ ಪತ್ರವನ್ನು ಮೇಜಿನ ಮೇಲಿಟ್ಟರು, ಆಮೇಲೆ ಕನ್ನಡಕ ತೆಗೆದರು. ಬೈಗುಳಕ್ಕೆ ಅವಳು ಬೆನ್ನು ಬಗ್ಗಿಸಿಕೊಂಡೇ ನಿಂತಿದ್ದಳು. ಅವರು ಬೈಯಲಿಲ್ಲ. ಹೇಗೆ ಹೇಳುತ್ತಿದ್ದಿರಿ, ಇಲ್ಲೊಮ್ಮೆ ಹೇಳಿ ತೋರಿಸಿ ಎಂದರು. ಅವಳಿಗೆ ಅರ್ಥವಾಗಲಿಲ್ಲ. ಪಂಜರದ ಮುಂದೆ ಹೇಳಿದ ಹಾಗೇ, ಅದೇ ದನಿಯಲ್ಲಿ ಎಂದು ಅವರು ಮತ್ತೆ ಹೇಳಿದರು. ಐವತ್ತನಾಲ್ಕು ವರ್ಷದ ಹೆಂಗಸು, ಇಬ್ಬರು ಗಂಡಸರ ಎದುರು, ಖಾಲಿ ಮೇಜಿನ ಅಂಚಿಗೆ ಬಗ್ಗಿ, ಕ್ಷಮಿಸ್ರಪ್ಪಾ ಎಂದು ಪಿಸುಗುಟ್ಟಿದಳು. ಭೂಮಿ ಬಾಯಿ ಬಿಡಲಿಲ್ಲ. ಪ್ರೊಫೆಸರ್ ತೊಡೆ ತಟ್ಟಿಕೊಂಡು ನಕ್ಕರು. ಅಲ್ಲೇ ಇರುವುದು ಗುಟ್ಟು ಎಂದರು. ನಮ್ಮ ಮಾಮೂಲಿ ಮಾತು ಇಲಿಯ ಕಿವಿಗೆ ಅಷ್ಟಾಗಿ ನಾಟುವುದಿಲ್ಲ, ಅವುಗಳ ಕಿವಿ ಇರುವುದೇ ಸಣ್ಣ ಸೀಟಿಯಂಥ ಸದ್ದಿಗೆ. ಪಿಸುಮಾತಿನ ತುಂಬ ಅಂಥ ಉಸಿರಿನ ಸದ್ದೇ. “ನೀವು ಜೋರಾಗಿ ಬೈದು ಎತ್ಕೊಂಡಿದ್ರೂ ಅವಕ್ಕೆ ಇಷ್ಟು ಕೇಳ್ಸ್ತಿರಲಿಲ್ಲ, ಕಬುರಾಗಿ-ಸಾನ್.”

ಅವರು ಮಾತಾಡುತ್ತಲೇ ಸೆಗಾವಾನ ಪತ್ರವನ್ನು ಮಗುಚಿ ಹಾಕಿ, ಖಾಲಿ ಬದಿಯಲ್ಲಿ ಮೂರು ಚೌಕ ಎಳೆದರು. ಒಂದರಲ್ಲಿ ಕೊಳವೆ, ಒಂದರಲ್ಲಿ ಮೌನ, ಇನ್ನೊಂದರಲ್ಲಿ ಪಿಸುಮಾತು. ಮೈ ಮುಟ್ಟದೆ, ಕೊಳವೆಗೆ ತೂರಿಸದೆ, ಏನಾಗುವುದೋ ಎಂದು ಹೆದರಿ ಕಾಯುವುದರಿಂದಲೇ ಹಾರ್ಮೋನು ಏರಿ ಕರುಳು ಸೋಲುತ್ತದೆಂದು ತೋರಿಸಿದರೆ, ಇದಕ್ಕಿಂತ ಸ್ವಚ್ಛವಾದ ಪ್ರಯೋಗ ಯಾರ ಹತ್ತಿರವೂ ಇಲ್ಲ ಎಂದರು. ಸೆಗಾವಾನ ಮುಖ ಅರಳಿತ್ತು. ಒಬ್ಬ ಮನುಷ್ಯನ ಮೇಲಿಂದ ಕಲ್ಲು ಇಳಿಸಿದರೆ ಹೇಗಿರುತ್ತದೋ ಹಾಗೆ ಉಸಿರು ಬಿಟ್ಟು, ಅವಳ ಕಡೆ ತಿರುಗಿ ನಮಸ್ಕರಿಸಲು ಬಗ್ಗಿದ. ಅರ್ಧಕ್ಕೆ ನಿಂತ. ಅವನ ಕಣ್ಣು ಮೇಜಿನ ಮೇಲಿನ ಹಾಳೆಗೆ ಹೋಯಿತು. ಶಾಯಿ ಆ ಬದಿಯಿಂದ ಈ ಬದಿಗೆ ಮಸುಕಾಗಿ ಕಾಣುತ್ತಿತ್ತು.

“ನಿಮಗೆ ಯಾವಾಗ ಗೊತ್ತಾಯ್ತು?” ಎಂದು ಕೇಳಿದ.

ಈಗಷ್ಟೇ, ಊಟದ ಹೊತ್ತಿಗೆ ಎಂದರೆ ಮುಗಿಯುತ್ತಿತ್ತು. ಅದು ಅರ್ಧ ನಿಜವೂ ಹೌದು. ಪ್ರೊಫೆಸರ್ ಮೂರನೆಯ ಚೌಕಕ್ಕೆ ಗೆರೆ ತುಂಬುತ್ತಿದ್ದರು, ಅವರಿಗೆ ಈ ಮಾತು ಬೇಕಾಗಿಯೂ ಇರಲಿಲ್ಲ.

“ಸೋಮವಾರ,” ಎಂದಳು ಮಿನೆಕೊ.

ಸೆಗಾವಾ ನೆಟ್ಟಗೆ ನಿಂತ. ಕಿಟಕಿಯ ಕಡೆಗೆ, ಸಮುದ್ರದ ಕಡೆಗೆ ನೋಡತೊಡಗಿದ. ಅವನು ಕೂಗಾಡಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಪಿಸುಮಾತನ್ನು ಧ್ವನಿಮುದ್ರಣ ಮಾಡಿ ಹಾಕಿದರಾಗದೇ ಎಂದು ಅವನು ಪ್ರೊಫೆಸರರನ್ನು ಕೇಳಿದ, ಅವಳಿದ್ದಾಳೆಂಬುದನ್ನು ಮರೆತವನ ಹಾಗೆ. ಮೊದಲು ನಿಜವಾದದ್ದೇ ಆಗಲಿ, ಆಮೇಲೆ ಯಂತ್ರ ಎಂದರು ಪ್ರೊಫೆಸರ್. ಅವಳ ಕಡೆ ತಿರುಗಿ, ಹೊಸ ಗುಂಪಿಗೆ ದಿನವೂ ಬೆಳಗ್ಗೆ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಬೇಕು, ಇಪ್ಪತ್ತು ದಿನ, ಭಾನುವಾರವೂ ಸೇರಿ, ನಿಮ್ಮಷ್ಟು ಚೆನ್ನಾಗಿ ಇದನ್ನು ಬೇರೆ ಯಾರೂ ಮಾಡಲಾರರು ಎಂದು ವಿನಯದಿಂದ ಕೇಳಿಕೊಂಡರು. ಚೀಲದಲ್ಲಿ ಲೋಟ ಇತ್ತು. ಶಿಕ್ಷೆ ಕೊಟ್ಟಿದ್ದರೆ ಎರಡು ಕೈಯಲ್ಲಿ ಇಸಿದುಕೊಂಡು ಹೋಗುತ್ತಿದ್ದಳು. ಅವರು ಕೊಟ್ಟದ್ದು ಹೊಗಳಿಕೆ. ಆಗಲಿ ಎಂದಳು. ಇಪ್ಪತ್ತಾರು ವರ್ಷದಿಂದ ಏನು ಕೇಳಿದರೂ ಹಾಗೆಯೇ ಅಂದಿದ್ದಾಳೆ. ಅಂದ ಮೇಲೂ ಬಾಗಿಲ ಕಡೆ ಹೋಗದೆ ನಿಂತಳು.

“ಮನುಷ್ಯರಿಗೂ ಹೀಗೇನಾ, ಸೆನ್ಸೇ?”

“ಮನುಷ್ಯರಿಗಾಗಿ ಅಲ್ವೇನ್ರೀ ಇದೆಲ್ಲ ಮಾಡೋದು? ಇಲಿ ಕರುಳು ಕಟ್ಕೊಂಡು ನಮಗೇನಾಗ್ಬೇಕು?” ಪ್ರೊಫೆಸರ್ ತಲೆಯೆತ್ತಲಿಲ್ಲ. “ಹೌದು ಅಂತಾದ್ರೆ ಒಳ್ಳೇದೇ ಆಯ್ತು. ವಿಕಿರಣ ತಗೊಳ್ಳೋ ರೋಗಿಗಳಿರ್ತಾರಲ್ಲ, ಅವರನ್ನ ಮನೇಲಿ ನೋಡ್ಕೊಳ್ಳೋರಿಗೂ ಹೇಳಿಕೊಡಬಹುದು, ಹೇಗಿರಬೇಕು ಅಂತ. ಯಾವತ್ತಿಂದ ಶುರು ಮಾಡ್ತೀರಿ?”

“ನಾಳೆ ಎಂಟಕ್ಕೆ,” ಎಂದಳು ಮಿನೆಕೊ. ಎಷ್ಟು ಜೋರಾಗಿ ಎಂದರೆ ಪ್ರೊಫೆಸರರ ಪೆನ್ನು ಗೆರೆ ತಪ್ಪಿತು, ಕಿಟಕಿಯ ಹತ್ತಿರವಿದ್ದ ಸೆಗಾವಾ ತಿರುಗಿ ನೋಡಿದ. ಅಮ್ಮ ಮಲಗಿದ್ದ ಏಳು ತಿಂಗಳಲ್ಲಿ ಆ ಕಾಗದದ ಬಾಗಿಲಿನ ಕೋಣೆಯಲ್ಲಿ ಅವಳು ಒಂದು ಸಲವೂ ಅಷ್ಟು ಜೋರಾಗಿ ಮಾತಾಡಿರಲಿಲ್ಲ.